ವಾಚಿನ ಪಟ್ಟಿಯ ಹಾಸು-ಹೊಕ್ಕು: ಅಗ್ಗದ ನೇಯ್ಗೆ, ದುಬಾರಿ ನೇಯ್ಗೆ

(ಆನ್‌ಲೈನ್ ವಿಚಾರ ಸಂಕಿರಣದಲ್ಲಿ ಆಡಿದ ಮಾತಿನ ಬರಹರೂಪ. ಮಾತಿನ ಧಾಟಿಯನ್ನು ಅಲ್ಲಲ್ಲಿ ಹಾಗೇ ಉಳಿಸಿಕೊಂಡಿದೆ. ಕೊನೆಗೆ ಪ್ರಶ್ನೋತ್ತರದ ಆಯ್ದ ಭಾಗವಿದೆ.)

ಇವತ್ತಿನ ವಿಷಯದ ಹೆಸರು ನೋಡಿ ಕೆಲವರಿಗೆ ನಗು ಬಂದಿರಬೇಕು. ಗಡಿಯಾಚೆಯ ಕನ್ನಡದ ಬಗ್ಗೆ ಮಾತಾಡುವ ಜಾಗದಲ್ಲಿ ಶಾಸನ ಬರ್ತದ, ಶಾಲೆ ಬರ್ತದ, ಜಾತ್ರೆ ಬರ್ತದ. ವಾಚಿನ ಬೆಲ್ಟ್ ಎಲ್ಲಿಂದ ಬಂತು?

ಸೊಲ್ಲಾಪುರದಿಂದ ಬಂತು ಅಂತ ತಿಳೀರಿ. ನಮ್ಮ ಊರಲ್ಲಿ ಮಗ್ಗದ ಮಾತು ಮೂರು ಭಾಷೆಯಲ್ಲಿ ನಡೆಯುತ್ತದೆ. ನೇಕಾರರಲ್ಲಿ ತೆಲುಗು ಮಾತಾಡುವ ಪದ್ಮಸಾಲಿಗಳೇ ಹೆಚ್ಚು. ಅವರು ಪಡುಗು-ಪೇಕ ಅಂತಾರೆ. ಮರಾಠಿಯವರು ತಾಣಾ-ಬಾಣಾ ಅಂತಾರೆ. ಕನ್ನಡದ ಮನೆಗಳಲ್ಲಿ ಹಾಸು-ಹೊಕ್ಕು. ಉದ್ದಕ್ಕೆ ಬಿಗಿದ ಎಳೆಗಳು ಹಾಸು, ಅವುಗಳ ನಡುವೆ ಅಡ್ಡ ಹಾಯುವ ಎಳೆ ಹೊಕ್ಕು. ಬೆಂಗಳೂರಿನ ಪತ್ರಿಕೆಗಳಲ್ಲಿ ‘ಜನಜೀವನದಲ್ಲಿ ಹಾಸುಹೊಕ್ಕಾಗಿದೆ’ ಅಂತ ದಿನಾ ಬರೀತಾರೆ. ಬರೆದವರನ್ನು ಹಾಸು ಯಾವುದು, ಹೊಕ್ಕು ಯಾವುದು ಅಂತ ಕೇಳಿದರೆ ಎಷ್ಟು ಮಂದಿ ಸರಿಯಾಗಿ ಹೇಳ್ತಾರೋ ಗೊತ್ತಿಲ್ಲ. ಮಗ್ಗದ ಮನೆಯಲ್ಲಿ ಮಾತ್ರ ಆ ಮಾತು ಇನ್ನೂ ಕೆಲಸ ಮಾಡ್ತದ. ಹಾಗಾದರೆ ಅದರಿಂದ ಇವತ್ತಿನ ಒಂದು ಸರಕನ್ನು, ಜಗತ್ತಿನಾದ್ಯಂತ ಮಾರಾಟವಾಗುವ ಒಂದು ಸಣ್ಣ ನೇಯ್ದ ವಸ್ತುವನ್ನು, ಅಳೆಯಲು ಆಗುತ್ತದೋ ನೋಡೋಣ ಅಂತ ಈ ವಿಷಯ ಆರಿಸಿದೆ.

ಅಳೆಯಬೇಕಾದ ಪ್ರಶ್ನೆ ಇದು. ಬಟ್ಟೆಯ ವಾಚು ಪಟ್ಟಿ ಕೆಲವು ನೂರು ರೂಪಾಯಿಗೂ ಸಿಗುತ್ತದೆ. ದೊಡ್ಡ ಸ್ವಿಸ್ ಕಂಪನಿಗಳ ಹೆಸರಿನ ಪಟ್ಟಿ ಹತ್ತು ಸಾವಿರವನ್ನೂ ದಾಟುತ್ತದೆ. ಎರಡೂ ನೇಯ್ದದ್ದೇ, ಎರಡರಲ್ಲೂ ಹೆಚ್ಚಾಗಿ ನೈಲಾನ್ ಅಥವಾ ಪಾಲಿಯೆಸ್ಟರ್. ಈ ಅಂತರದಲ್ಲಿ ನೇಯ್ಗೆಯ ಪಾಲು ಎಷ್ಟು? ನೇಯ್ಗೆಯ ಮಾತು ಗೊತ್ತಿಲ್ಲದವನಿಗೆ ಉಳಿಯೋದು ಎರಡೇ ಗುರುತು, ಬೆಲೆ ಮತ್ತು ಹೆಸರು. ಅಂಗಡಿಯವನು ‘ಪ್ರೀಮಿಯಂ’ ಅಂದರೆ ಪ್ರೀಮಿಯಂ. ನಮ್ಮೂರಿನ ಚಾದರಕ್ಕೂ ಇದೇ ಗತಿ ಬಂದದ ಅನ್ನೋದನ್ನು ಮುಂದೆ ಹೇಳ್ತೀನಿ.

ಒಂದು ಬೂದು ಪಟ್ಟಿಯ ಕಥೆ

ನೇಯ್ದ ವಾಚು ಪಟ್ಟಿಗಳಲ್ಲಿ ಹೆಚ್ಚು ಹೆಸರಾದದ್ದು ‘ನೇಟೋ ಪಟ್ಟಿ’. ಹೆಸರು ಕೇಳಿದರೆ ನೇಟೋ ಒಕ್ಕೂಟ ಕೂತು ತೀರ್ಮಾನಿಸಿದ್ದು ಅನ್ನಿಸುತ್ತದೆ. ಆದರೆ ಇದರ ಜಾತಕ ಬರೆದದ್ದು ಬ್ರಿಟನ್ನಿನ ರಕ್ಷಣಾ ಇಲಾಖೆ. 1973ರ ನವೆಂಬರ್ 30ರಂದು ಹೊರಟ ಡೆಫ್ ಸ್ಟ್ಯಾನ್ 66-15 ಎಂಬ ಮಾನದಂಡ ಪತ್ರದಲ್ಲಿ ಪಟ್ಟಿ ಹೇಗಿರಬೇಕು ಅಂತ ಬರೆದಿಟ್ಟರು. ಉಗ್ರಾಣದ ಸಾಮಾನುಗಳಿಗೆ ನೇಟೋ ದಾಸ್ತಾನು ಸಂಖ್ಯೆ ಇರುತ್ತಿತ್ತು, ಅಲ್ಲಿಂದ ಆ ಹೆಸರು ಅಂಟಿಕೊಂಡಿತು. ಸೈನಿಕರು ಜಿ1098 ಎಂಬ ನಮೂನೆ ತುಂಬಿಕೊಟ್ಟು ಇದನ್ನು ಪಡೆಯುತ್ತಿದ್ದರು, ಹಾಗಾಗಿ ‘ಜಿ10’ ಅಂತಲೂ ಕರೆಯುತ್ತಾರೆ. ಅಗಲ 20 ಮಿಲಿಮೀಟರ್, ಉದ್ದ 280 ಮಿಲಿಮೀಟರ್, ಬಣ್ಣ ಒಂದೇ: ಅಡ್ಮಿರಾಲ್ಟಿ ಬೂದು. ಬಕಲ್ ಮತ್ತು ಉಂಗುರಗಳು ಕ್ರೋಮ್ ಲೇಪಿಸಿದ ಹಿತ್ತಾಳೆ.

ಈ ಪಟ್ಟಿಯಲ್ಲಿ ಒಂದು ಜಾಣತನ ಅದ. ಉದ್ದನೆಯ ಪಟ್ಟಿಯ ಜೊತೆ ಬಕಲ್ ಹತ್ತಿರ ಇನ್ನೊಂದು ಗಿಡ್ಡ ತುಂಡು ಇರುತ್ತದೆ. ಆ ತುಂಡಿನ ತುದಿಗೊಂದು ಉಂಗುರ. ಉದ್ದ ಪಟ್ಟಿ ವಾಚಿನ ಎರಡೂ ಸ್ಪ್ರಿಂಗ್ ಪಿನ್ನುಗಳ ಕೆಳಗೆ ಹಾಯ್ದು ಈ ಉಂಗುರದೊಳಗೆ ತೂರಿ ಬರುತ್ತದೆ. ಆದ್ದರಿಂದ ವಾಚು ಪಟ್ಟಿಯ ಮೇಲೆ ಜಾರಾಡುವುದಿಲ್ಲ. ಒಂದು ಪಿನ್ನು ಕಿತ್ತು ಹೋದರೂ ಇನ್ನೊಂದು ಪಿನ್ನಿನ ಆಸರೆಯಲ್ಲಿ ವಾಚು ಕೈಯಲ್ಲೇ ಇರ್ತದ. ಚರ್ಮದ ಎರಡು ತುಂಡಿನ ಬೆಲ್ಟಿನಲ್ಲಿ ಒಂದು ಪಿನ್ನು ಹೋದರೆ ವಾಚು ನೆಲಕ್ಕೆ. ಈ ರಕ್ಷಣೆ ಬರೋದು ಪಟ್ಟಿಯ ಆಕಾರದಿಂದ, ಬೆಲೆಯಿಂದಲ್ಲ ಅನ್ನೋದನ್ನು ನೆನಪಿಟ್ಟುಕೊಳ್ಳಿ. ಅಗ್ಗದ ಪಟ್ಟಿಗೂ ಇದು ಅಷ್ಟೇ ಸಿಗುತ್ತದೆ. ಇದಕ್ಕೆ ಕೊಡುವ ಬೆಲೆ ಅಂದರೆ ವಾಚಿನ ಕೆಳಗೆ ಎರಡು ಪದರ ಬಟ್ಟೆ ಕೂತು, ವಾಚು ಎರಡು ಎರಡೂವರೆ ಮಿಲಿಮೀಟರ್ ಎತ್ತರವಾಗೋದು. ಸಣ್ಣ ಮಣಿಕಟ್ಟಿನವರಿಗೆ ಅದು ಕಾಣಿಸ್ತದ.

ಇಲ್ಲೊಂದು ಅಡ್ಡಮಾತು. 1964ರ ‘ಗೋಲ್ಡ್‌ಫಿಂಗರ್’ ಸಿನಿಮಾದಲ್ಲಿ ಶಾನ್ ಕಾನರಿ ರೋಲೆಕ್ಸ್ ವಾಚಿಗೆ ಪಟ್ಟೆಪಟ್ಟೆಯ ಬಟ್ಟೆ ಪಟ್ಟಿ ಕಟ್ಟಿದ್ದು ನೋಡಿ ‘ಬಾಂಡ್ ನೇಟೋ’ ಅನ್ನುವ ವ್ಯಾಪಾರವೇ ಶುರುವಾಗಿದೆ. ಮಾನದಂಡ ಬಂದದ್ದು 1973ರಲ್ಲಿ, ಸಿನಿಮಾ ಅದಕ್ಕಿಂತ ಒಂಬತ್ತು ವರ್ಷ ಹಿಂದಿನದು. ಮೇಲಾಗಿ ಆ ಪಟ್ಟಿ ವಾಚಿಗಿಂತ ಕಡಿಮೆ ಅಗಲದ್ದು, ಪಕ್ಕದಲ್ಲಿ ಪಿನ್ನು ಇಣುಕುವುದು ತೆರೆಯ ಮೇಲೆ ಕಾಣುತ್ತದೆ. ಅಳತೆ ತಪ್ಪಿದ ಆ ಪಟ್ಟಿಯ ಬಣ್ಣಗಳ ನಕಲು ಇವತ್ತು ಎಲ್ಲಾ ದರದಲ್ಲೂ ಸಿಗುತ್ತದೆ.

ನೂಲಿನ ಬೆಲೆ ಎಷ್ಟು?

ಸಣ್ಣ ಲೆಕ್ಕ ಮಾಡೋಣ. ಉದ್ದ ಪಟ್ಟಿ 280 ಮಿ.ಮೀ., ಗಿಡ್ಡ ತುಂಡು ಸುಮಾರು 90, ಒಟ್ಟು 370. ಅಗಲ 20, ದಪ್ಪ 1.2 ಅಂತ ಹಿಡಿಯಿರಿ. ಗುಣಿಸಿದರೆ ಒಂಬತ್ತು ಘನ ಸೆಂಟಿಮೀಟರಿಗೂ ಸ್ವಲ್ಪ ಕಡಿಮೆ. ನೈಲಾನಿನ ಸಾಂದ್ರತೆ 1.14. ಎಳೆಗಳ ನಡುವೆ ಗಾಳಿಯೇ ಇಲ್ಲ ಅಂದುಕೊಂಡರೂ ತೂಕ ಹತ್ತು ಗ್ರಾಂ. ನಿಜವಾದ ಬಟ್ಟೆಯಲ್ಲಿ ಗಾಳಿ ಇರೋದರಿಂದ ಅದಕ್ಕೂ ಕಡಿಮೆ. ಹತ್ತು ಗ್ರಾಂ ನೈಲಾನು ಎಷ್ಟೇ ಉತ್ತಮದ್ದಿರಲಿ, ಮುನ್ನೂರು ರೂಪಾಯಿಗೂ ಹತ್ತು ಸಾವಿರಕ್ಕೂ ನಡುವಿನ ಅಂತರವನ್ನು ಅದು ವಿವರಿಸಲಾರದು. ‘ಉತ್ಕೃಷ್ಟ ನೈಲಾನ್’ ಅಂತ ಬರೆದಿದ್ದರೆ ಆ ಸಾಲನ್ನು ದಾಟಿ ಮುಂದೆ ಓದಿ.

ನೂಲಿನ ದಪ್ಪವನ್ನು ಡೆನಿಯರ್‌ನಲ್ಲಿ ಹೇಳುತ್ತಾರೆ. 9000 ಮೀಟರ್ ನೂಲು ಎಷ್ಟು ಗ್ರಾಂ ತೂಗುತ್ತದೋ ಅಷ್ಟು ಡೆನಿಯರ್. ಆದರೆ ಮೈಗೆ ತಾಗುವ ಗುಣ ಡೆನಿಯರಿನಿಂದಷ್ಟೇ ಬರೋದಿಲ್ಲ. ಒಂದೇ ದಪ್ಪದ ನೂಲನ್ನು ಕೆಲವೇ ದಪ್ಪ ತಂತುಗಳಿಂದಲೂ ಮಾಡಬಹುದು, ಹಲವಾರು ಸಣ್ಣ ತಂತುಗಳಿಂದಲೂ ಮಾಡಬಹುದು. ಸಣ್ಣ ತಂತು ಹೆಚ್ಚಿದ್ದಷ್ಟು ನೂಲು ಮೆತ್ತಗೆ, ಮಣಿಕಟ್ಟಿನ ರೋಮ ಎಳೆಯುವುದಿಲ್ಲ. ಅಗ್ಗದ ಪಟ್ಟಿ ಹೊಸದರಲ್ಲಿ ಗರಗಸದಂತೆ ಉಜ್ಜುವುದಕ್ಕೆ ಹೆಚ್ಚಾಗಿ ಇದೇ ಕಾರಣ. ಬೆಲೆಯ ವ್ಯತ್ಯಾಸ ಮೊದಲ ಬಾರಿಗೆ ಕೈಗೆ ತಾಗುವ ಜಾಗ ಇದು.

ನೇಯ್ಗೆಯಲ್ಲಿ ಏನು ನೋಡಬೇಕು

ನವಾರು ಮಂಚದ ನವಾರನ್ನು ನೆನಪು ಮಾಡಿಕೊಳ್ಳಿ, ಇಲ್ಲಾ ಲಂಗಕ್ಕೆ ಹಾಕುವ ಲಾಡಿ. ವಾಚಿನ ಪಟ್ಟಿ ಅವುಗಳ ಬಳಗಕ್ಕೇ ಸೇರಿದ್ದು. ಅಗಲ ಬಟ್ಟೆಯಿಂದ ಕತ್ತರಿಸಿದ್ದಲ್ಲ, ಅಷ್ಟೇ ಅಗಲಕ್ಕೆ ಎರಡೂ ಕಡೆ ಅಂಚು ಕಟ್ಟಿಕೊಂಡು ನೇಯ್ದದ್ದು. ಇಂಥ ನೇಯ್ಗೆಯಲ್ಲಿ ಹಾಸಿನ ಎಳೆಗಳು ಒತ್ತೊತ್ತಾಗಿ ಕೂತು ಹೊಕ್ಕನ್ನು ಮುಚ್ಚಿಬಿಡುತ್ತವೆ. ಮೇಲೆ ಕೆಳಗೆ ಕಾಣುವುದೆಲ್ಲ ಹಾಸೇ. ಎಳೆತದ ಭಾರ ಹೊರುವುದೂ ಹಾಸೇ. ಹೊಕ್ಕು ಒಳಗೆ ಅಡಗಿ ಹಾಸಿನ ಎಳೆಗಳನ್ನು ಒಟ್ಟಿಗೆ ಹಿಡಿದಿರುತ್ತದೆ. ಪಕ್ಕದ ಅಂಚಿನಲ್ಲಿ ಮಾತ್ರ ಅದು ತಿರುಗಿ ಬರುವುದು ಕಾಣುತ್ತದೆ.

ಈ ಒಂದು ಸಂಗತಿ ತಿಳಿದರೆ ಬಹಳಷ್ಟು ಬಯಲಾಗ್ತದ ನೋಡ್ರಿ. ಮೊದಲನೆಯದು ಪಟ್ಟೆಗಳು. ಉದ್ದಕ್ಕೆ ಬಣ್ಣದ ಪಟ್ಟೆ ಇರುವ ಪಟ್ಟಿಗೆ ಹೆಚ್ಚು ಬೆಲೆ ಕೇಳುವುದುಂಟು. ಮಗ್ಗದ ಕಡೆಯಿಂದ ನೋಡಿದರೆ ಅದು ಸುಲಭದ ಕೆಲಸ. ಹಾಸು ಹೂಡುವಾಗ ನಡುವಿನ ಇಷ್ಟು ಎಳೆ ಕೆಂಪು, ಪಕ್ಕದ ಇಷ್ಟು ಎಳೆ ಹಸಿರು ಅಂತ ಜೋಡಿಸಿದರೆ ಮುಗೀತು, ಆಮೇಲೆ ಸಾದಾ ಪಟ್ಟಿ ನೇಯ್ದಷ್ಟೇ ಶ್ರಮ. ಉದ್ದ ಪಟ್ಟೆಗೆ ಹೆಚ್ಚು ಹಣ ಕೊಡಬೇಡಿ. ಅಡ್ಡಕ್ಕೆ ಅಥವಾ ಓರೆಯಾಗಿ ವಿನ್ಯಾಸ ಇದ್ದರೆ ಆಗ ಮಾತು ಬೇರೆ.

ಎರಡನೆಯದು ‘ಸೀಟ್ ಬೆಲ್ಟ್ ನೇಯ್ಗೆ’ ಅಂತ ಮಾರುವ ಹೊಳಪಿನ ಪಟ್ಟಿ. ಸಾದಾ ನೇಯ್ಗೆಯಲ್ಲಿ ಹಾಸಿನ ಎಳೆ ಒಂದು ಹೊಕ್ಕಿನ ಮೇಲೆ, ಮುಂದಿನದರ ಕೆಳಗೆ ಹೋಗುತ್ತದೆ. ಇಲ್ಲಿ ಎರಡು ಮೂರು ಹೊಕ್ಕು ಹಾರಿ ಹೋಗುತ್ತದೆ, ಸಾಲು ಸಾಲಾಗಿ ಓರೆಯ ಗೆರೆ ಬೀಳುತ್ತದೆ. ಎಳೆ ಉದ್ದಕ್ಕೆ ಮಲಗುವುದರಿಂದ ಬೆಳಕು ಹೊಳೆಯುತ್ತದೆ, ಪಟ್ಟಿ ಬಳುಕುತ್ತದೆ, ಚರ್ಮಕ್ಕೆ ಹಿತ. ಉದ್ದ ಮಲಗಿದ ಎಳೆ ಮೊಳೆಗೋ ಮೇಜಿನ ಮೂಲೆಗೋ ಸಿಕ್ಕಿಹಾಕಿಕೊಳ್ಳುವುದೂ ಬೇಗ ಅನ್ನುವುದನ್ನು ಮಾರುವವರು ಹೇಳುವುದಿಲ್ಲ. ಇಂಥ ಪಟ್ಟಿಗಳು ಹೆಚ್ಚಾಗಿ ನೈಲಾನಿನವು, ಕಾರಿನ ನಿಜವಾದ ಸೀಟ್ ಬೆಲ್ಟು ಹೆಚ್ಚಾಗಿ ಪಾಲಿಯೆಸ್ಟರ್. ಹೆಸರು ಒಂದೇ, ಬಟ್ಟೆ ಬೇರೆ.

ಮೂರನೆಯದು ಅಂಚು. ನನ್ನ ಮಟ್ಟಿಗೆ ಪಟ್ಟಿಯ ಗುಣ ಹೇಳುವ ಮುಖ್ಯ ಜಾಗ ಇದೇ. ಹಳೆಯ ಮಗ್ಗದಲ್ಲಿ ಲಾಳಿ ಹೊಕ್ಕಿನ ನೂಲನ್ನು ಹೊತ್ತು ಎಡದಿಂದ ಬಲಕ್ಕೆ, ಬಲದಿಂದ ಎಡಕ್ಕೆ ಹೋಗುತ್ತದೆ. ಎರಡೂ ಕಡೆ ನೂಲು ದುಂಡಗೆ ತಿರುಗುತ್ತದೆ, ಎರಡೂ ಅಂಚು ಒಂದೇ ಥರ. ಇವತ್ತು ಪಟ್ಟಿ ನೇಯುವುದು ಬಹುತೇಕ ನೀಡಲ್ ಲೂಮ್‌ನಲ್ಲಿ. ಅದರಲ್ಲಿ ಲಾಳಿಯೇ ಇಲ್ಲ. ಬಾಗಿದ ಸೂಜಿಯೊಂದು ಹೊಕ್ಕಿನ ನೂಲನ್ನು ಆ ಬದಿಗೆ ಒಯ್ದು, ಅಲ್ಲಿ ಕುಣಿಕೆ ಬಿಟ್ಟು ವಾಪಸ್ ಬರುತ್ತದೆ. ಪ್ರತಿ ಸಲವೂ ಜೋಡಿ ಹೊಕ್ಕು. ಆ ಬದಿಯಲ್ಲಿ ಉಳಿದ ಕುಣಿಕೆಗಳನ್ನು ಇನ್ನೊಂದು ಸಣ್ಣ ಕೊಕ್ಕೆಸೂಜಿ ಸರಪಳಿಯಂತೆ ಒಂದರೊಳಗೊಂದು ಹೆಣೆದು ಹಾಕುತ್ತದೆ. ಲಾಳಿ ಮಗ್ಗ ನಿಮಿಷಕ್ಕೆ ನೂರರ ಲೆಕ್ಕದಲ್ಲಿ ಹೊಕ್ಕು ಹಾಕಿದರೆ ಇದು ಸಾವಿರಕ್ಕೂ ಹೆಚ್ಚು ಹಾಕುತ್ತದೆ. ಪಟ್ಟಿ ಅಗ್ಗವಾದದ್ದು ಹೀಗೆ.

ನಿಮ್ಮ ಪಟ್ಟಿಯ ಎರಡೂ ಅಂಚುಗಳನ್ನು ಬೆಳಕಿಗೆ ಹಿಡಿದು ನೋಡಿ. ಒಂದು ನುಣ್ಣಗೆ, ಇನ್ನೊಂದು ಜಡೆಯಂತೆ ಸಣ್ಣ ಗಂಟುಗಳ ಸಾಲಾಗಿದ್ದರೆ ಅದು ನೀಡಲ್ ಲೂಮಿನದು. ಅದೇನೂ ದೋಷವಲ್ಲ, ದುಬಾರಿ ಪಟ್ಟಿಗಳಲ್ಲೂ ಇದೇ ಅಂಚು ಬೇಕಾದಷ್ಟು ಸಿಗ್ತದ. ಪ್ರಶ್ನೆ ಇರೋದು ಆ ಸರಪಳಿ ಬಿಚ್ಚದ ಹಾಗೆ ಬೀಗ ಹಾಕಿದ್ದಾರೋ ಇಲ್ಲವೋ ಅನ್ನುವುದರಲ್ಲಿ. ಒಳ್ಳೆಯ ನೇಯ್ಗೆಯಲ್ಲಿ ಕುಣಿಕೆಗಳ ಜೊತೆ ಪ್ರತ್ಯೇಕವಾದ ಬೀಗದ ನೂಲು ಸೇರಿಸುತ್ತಾರೆ. ಅದನ್ನು ಉಳಿಸಿದರೆ ನೂಲಿನ ಖರ್ಚು ಕಡಿಮೆ, ಆದರೆ ಒಂದು ಕುಣಿಕೆ ಹರಿದರೆ ಕಾಲುಚೀಲದ ಹೊಲಿಗೆ ಬಿಚ್ಚಿದಂತೆ ಉದ್ದಕ್ಕೆ ಬಿಚ್ಚುತ್ತಾ ಹೋಗುತ್ತದೆ. ಕೆಲವು ಪಟ್ಟಿಗಳು ಒಂದೇ ಬದಿಯಲ್ಲಿ ಕುರುಚಲು ಏಳುವುದು ಯಾಕೆ ಅಂದರೆ ಇದಕ್ಕೇ.

ಇನ್ನು ಹೊಕ್ಕಿನ ಒತ್ತು. ಹಣಿಗೆಯ ಪೆಟ್ಟು ಸಡಿಲವಾಗಿದ್ದರೆ ಇಂಚಿಗೆ ಕಡಿಮೆ ಹೊಕ್ಕು, ಯಂತ್ರದಿಂದ ಬೇಗ ಹೆಚ್ಚು ಉದ್ದ ಬಟ್ಟೆ. ನೋಡಲಿಕ್ಕೆ ಗೊತ್ತಾಗೋದಿಲ್ಲ. ಪಟ್ಟಿಯನ್ನು ಎರಡು ಹೆಬ್ಬೆರಳಿನ ನಡುವೆ ಹಿಡಿದು ಅಡ್ಡಕ್ಕೆ ಎಳೆಯಿರಿ, ಎಳೆಗಳು ಸರಿದು ಸಂದು ಬಿಟ್ಟರೆ ಹೊಕ್ಕು ಸಾಲದು ಅಂತ ಅರ್ಥ. ಅಂಥ ಪಟ್ಟಿಯಲ್ಲಿ ಬಕಲ್ ಮುಳ್ಳಿನ ತೂತು ಮೊದಲು ಹಿಗ್ಗುತ್ತದೆ.

ಪರ್ಲಾನ್ ಪಟ್ಟಿಯನ್ನು ಈ ಲೆಕ್ಕದಿಂದ ಹೊರಗಿಡಬೇಕು. ಪರ್ಲಾನ್ ಅಂದರೆ 1938ರಲ್ಲಿ ಜರ್ಮನಿಯಲ್ಲಿ ಪಾಲ್ ಶ್ಲಾಕ್ ಕಂಡುಹಿಡಿದ ನೈಲಾನ್ 6ರ ವ್ಯಾಪಾರಿ ಹೆಸರು. ಆ ಪಟ್ಟಿ ಉಡದಾರದಂತೆ ಹೆಣೆದದ್ದು, ಮಗ್ಗದಲ್ಲಿ ನೇಯ್ದದ್ದಲ್ಲ. ತೂತೇ ಇಲ್ಲ, ಬಕಲ್ಲಿನ ಮುಳ್ಳು ಹೆಣಿಗೆಯ ಸಂದಿನಲ್ಲಿ ಎಲ್ಲಿ ಬೇಕಾದರೂ ಇಳಿಯುತ್ತದೆ. ಸೆಕೆಗೆ ಒಳ್ಳೆಯದು, ಅಗ್ಗವೂ ಹೌದು.

ಸಾಂತ್-ಎತಿಯೆನ್ ಮತ್ತು ಸೊಲ್ಲಾಪುರ

ಈಗ ದುಬಾರಿ ತುದಿಗೆ ಬರೋಣ. ಸ್ವಿಸ್ ಕಂಪನಿ ಟ್ಯೂಡರ್ 2010ರಿಂದ ತನ್ನ ಕೆಲವು ವಾಚುಗಳ ಜೊತೆ ಬಟ್ಟೆಯ ಪಟ್ಟಿ ಕೊಡುತ್ತಿದೆ. ಅದನ್ನು ನೇಯುವುದು ಫ್ರಾನ್ಸಿನ ಸಾಂತ್-ಎತಿಯೆನ್ ಸೀಮೆಯ ಜೂಲಿಯನ್ ಫೋರ್ ಎಂಬ ಸಂಸ್ಥೆ. 1864ರಲ್ಲಿ ಶುರುವಾದ ಕುಟುಂಬದ ಉದ್ಯಮ. ಸಾಂತ್-ಎತಿಯೆನ್ ರಿಬ್ಬನ್ ನೇಯ್ಗೆಗೆ ಹೆಸರಾದ ಊರು. ಪಟ್ಟಿ ಬರುವುದು ಹತ್ತೊಂಬತ್ತನೆಯ ಶತಮಾನದ ಜಕಾರ್ಡ್ ಮಗ್ಗಗಳಿಂದ ಅಂತ ಟ್ಯೂಡರ್ ಹೇಳಿಕೊಳ್ಳುತ್ತದೆ.

ಜಕಾರ್ಡ್ ಅಂದ ಕೂಡಲೇ ಸೊಲ್ಲಾಪುರದವರ ಕಿವಿ ನೆಟ್ಟಗಾಗ್ತದ. ನಮ್ಮ ಚಾದರದ ನವಿಲು, ಹೂಬಳ್ಳಿ ಎಲ್ಲಾ ಮೂಡುವುದು ಜಕಾರ್ಡಿನಿಂದಲೇ. ಸಾದಾ ಮಗ್ಗದಲ್ಲಿ ಹಾಸಿನ ಎಳೆಗಳು ಗುಂಪುಗುಂಪಾಗಿ ಏಳುತ್ತವೆ: ಒಂದು ಬಿಟ್ಟು ಒಂದು ಎಲ್ಲವೂ ಮೇಲೆ, ಮರುಪೆಟ್ಟಿಗೆ ಉಳಿದವು ಮೇಲೆ. ಜಕಾರ್ಡಿನಲ್ಲಿ ತೂತು ಕೊರೆದ ರಟ್ಟಿನ ಕಾರ್ಡುಗಳ ಸರಮಾಲೆ ಇರುತ್ತದೆ. ತೂತು ಇದ್ದಲ್ಲಿ ಆ ಎಳೆ ಏಳುತ್ತದೆ, ಇಲ್ಲದಲ್ಲಿ ಏಳುವುದಿಲ್ಲ. ಪ್ರತಿ ಹೊಕ್ಕಿಗೂ ಯಾವ ಎಳೆ ಏಳಬೇಕು ಅಂತ ಬೇರೆ ಬೇರೆಯಾಗಿ ಹೇಳಬಹುದು. 1804ರ ಹೊತ್ತಿಗೆ ಲಿಯೋನ್ ನಗರದ ಜೋಸೆಫ್ ಮಾರಿ ಜಕಾರ್ಡ್ ರೂಪಿಸಿದ ಈ ಯಂತ್ರದ ತತ್ವ ಸೊಲ್ಲಾಪುರದ ಕಾರ್ಖಾನೆಯಲ್ಲೂ ಅದೇ, ಸಾಂತ್-ಎತಿಯೆನ್ನಿನಲ್ಲೂ ಅದೇ.

ಹಾಗಾದರೆ ಜಕಾರ್ಡ್ ಪಟ್ಟಿಗೆ ಕೊಟ್ಟ ಹಣದಿಂದ ಏನು ಸಿಗುತ್ತದೆ? ವಿನ್ಯಾಸ ಬಟ್ಟೆಯ ಒಳಗೇ ಇರುತ್ತದೆ, ಮೇಲೆ ಅಚ್ಚು ಹಾಕಿದ್ದಲ್ಲ. ಅಗ್ಗದ ವಿನ್ಯಾಸದ ಪಟ್ಟಿಗಳಲ್ಲಿ ಬಿಳಿ ಪಾಲಿಯೆಸ್ಟರಿನ ಮೇಲೆ ಮುದ್ರಿಸಿದವು ಬಹಳ. ಅವನ್ನು ಬಗ್ಗಿಸಿದರೆ ಎಳೆಗಳ ಸಂದಿನಲ್ಲಿ ಬಿಳಿ ಕಾಣುತ್ತದೆ, ತಿರುವಿದರೆ ಹಿಂಬದಿ ಬೋಳು. ನಮ್ಮ ಚಾದರ ತಿರುವಿ ನೋಡುವ ರೂಢಿ ಎಲ್ಲರಿಗೂ ಗೊತ್ತದಲ್ಲ? ಮುಂದೆ ಕೆಂಪು ಇದ್ದಲ್ಲಿ ಹಿಂದೆ ಬಿಳಿ, ಬಿಳಿ ಇದ್ದಲ್ಲಿ ಕೆಂಪು. ನೇಯ್ದ ವಿನ್ಯಾಸದ ಸಾಕ್ಷಿ ಹಿಂಬದಿಯಲ್ಲಿ ಸಿಗುತ್ತದೆ. ವಾಚಿನ ಪಟ್ಟಿಗೂ ಅದೇ ಪರೀಕ್ಷೆ ಸಾಕು. ಎರಡನೆಯದಾಗಿ, ಎಳೆಗಳನ್ನು ಬೇಕಾದ ಹಾಗೆ ಎಬ್ಬಿಸಲು ಆಗುವುದರಿಂದ ದಪ್ಪವಾಗಿದ್ದೂ ಬಳುಕುವ ಬಟ್ಟೆ ಮಾಡಬಹುದು. ಕೈಗೆ ಕಟ್ಟಿದರೆ ಅದರ ಹಿತ ಗೊತ್ತಾಗುತ್ತದೆ, ಅದು ಬರೀ ಜಾಹೀರಾತಲ್ಲ.

ಸಿಗದೇ ಇರುವುದು ಹೆಚ್ಚಿನ ರಕ್ಷಣೆ. ವಾಚನ್ನು ಕೈಗೆ ಹಿಡಿದಿಡುವ ಮಟ್ಟಿಗೆ ಮಾನದಂಡದ ಹಾಗೆ ಮಾಡಿದ ಬೂದು ಪಟ್ಟಿಯೇ ಸಾಕು.

ಆದರೂ ಒಂದು ವಿಷಯಕ್ಕೆ ಟ್ಯೂಡರ್ ಕಂಪನಿಯನ್ನು ಮೆಚ್ಚುತ್ತೇನೆ. ಯಾರು ನೇಯ್ದರು ಅಂತ ಹೆಸರು ಹಿಡಿದು ಹೇಳುತ್ತದೆ. ಹತ್ತು ಗ್ರಾಂ ನೂಲಿನ ಬೆಲೆ ಏರುವುದರಲ್ಲಿ ಆ ಹೆಸರಿನ ಪಾಲು ದೊಡ್ಡದು. ಬಹುತೇಕ ಅಗ್ಗದ ಪಟ್ಟಿಗಳಲ್ಲಿ ನೇಕಾರ ಯಾರು, ಊರು ಯಾವುದು ಅನ್ನೋ ಸುಳಿವೇ ಇರೋದಿಲ್ಲ. ಈಗ ನಮ್ಮ ಕಡೆ ನೋಡ್ರಿ. ಸೊಲ್ಲಾಪುರ ಚಾದರಕ್ಕೂ ಟೆರ್ರಿ ಟವಲಿಗೂ ಭೌಗೋಳಿಕ ಗುರುತಿನ ಕಾನೂನು ರಕ್ಷಣೆ ಅದ. ಹಾಗಿದ್ದೂ ಬೇರೆ ಕಡೆ ನೇಯ್ದದ್ದನ್ನು ‘ಸೊಲ್ಲಾಪುರಿ’ ಅಂತ ಕರೆದು ರಸ್ತೆ ಬದಿಯಲ್ಲಿ ಮಾರೋದು ನಿಂತಿಲ್ಲ. ತೆಳ್ಳಗಿನ ನಕಲಿ ಚಾದರ ಕೊಂಡವನು ಎರಡು ಸಲ ಒಗೆದ ಮೇಲೆ ಸೊಲ್ಲಾಪುರವನ್ನೇ ಬೈತಾನೆ. ಫ್ರಾನ್ಸಿನ ನೇಕಾರನ ಹೆಸರಿನಿಂದ ಬೆಲೆ ಏರುತ್ತದೆ, ಸೊಲ್ಲಾಪುರದ ನೇಕಾರನ ಹೆಸರನ್ನು ಬಳಸಿ ಬೇರೆಯವರು ಬೆಲೆ ಇಳಿಸುತ್ತಾರೆ. ಯಂತ್ರದ ತತ್ವ ಒಂದೇ ಆಗಿದ್ದೂ ಹೀಗಾಗುವುದಕ್ಕೆ ಕೊಳ್ಳುವವನ ಕಣ್ಣು ದೊಡ್ಡ ಕಾರಣ ಅಂತ ನನ್ನ ವಾದ. ತಿರುವಿ ನೋಡುವವನಿಗೆ, ಅಂಚು ಹಿಡಿದು ಎಳೆಯುವವನಿಗೆ ನಕಲು ಮಾರುವುದು ಸುಲಭವಲ್ಲ.

ಪಟ್ಟಿ ಸೋಲುವ ಜಾಗ

ಬಟ್ಟೆಯ ಬಗ್ಗೆ ಇಷ್ಟು ಮಾತಾಡಿದೆ. ಆದರೆ ಬಟ್ಟೆ ಪಟ್ಟಿಗಳು ಸಾಯುವುದು ಬಟ್ಟೆ ಹರಿದು ಅಲ್ಲ. ಬಕಲ್ ಮತ್ತು ಉಂಗುರಗಳ ಹತ್ತಿರದ ಜೋಡಣೆ ಬಿಟ್ಟು ಸಾಯುತ್ತವೆ. ಇಲ್ಲಿ ಎರಡು ದಾರಿ ಇವೆ, ದಾರದಿಂದ ಹೊಲಿಯುವುದು, ಇಲ್ಲವೇ ಕಾಯಿಸಿ ಬೆಸೆಯುವುದು. ನೈಲಾನ್ 6 ಸುಮಾರು 220 ಡಿಗ್ರಿ ಸೆಲ್ಸಿಯಸ್‌ಗೆ, ನೈಲಾನ್ 66 ಸುಮಾರು 260ಕ್ಕೆ ಕರಗುತ್ತದೆ. ಶಾಖವನ್ನೋ ಶ್ರವಣಾತೀತ ಕಂಪನವನ್ನೋ ಕೊಟ್ಟು ಎರಡು ಪದರ ಕರಗಿಸಿ ಒಂದು ಮಾಡುತ್ತಾರೆ. ಸರಿಯಾಗಿ ಮಾಡಿದರೆ ಹೊಲಿಗೆಗಿಂತ ಚೊಕ್ಕ, ಕೊಳೆ ಕೂರುವುದಿಲ್ಲ. ಶಾಖ ಕಡಿಮೆಯಾದರೆ ಮೇಲಷ್ಟೇ ಅಂಟಿರುತ್ತದೆ, ಹೆಚ್ಚಾದರೆ ಬೆಸುಗೆಯ ಗೆರೆಯಲ್ಲಿ ಬಟ್ಟೆ ಗಾಜಿನಂತೆ ಪೆಡಸಾಗಿ ಬಗ್ಗಿದಾಗ ಸೀಳುತ್ತದೆ. ಅಗ್ಗದ ಪಟ್ಟಿಯ ನಿಜವಾದ ಜೂಜು ಈ ಜಾಗದಲ್ಲಿದೆ. ಕೊಳ್ಳುವಾಗ ಆ ಗೆರೆಯನ್ನು ಹಿಂದೆ ಮುಂದೆ ಹತ್ತು ಸಲ ಬಗ್ಗಿಸಿ. ಬಿಳಿ ಗೆರೆ ಮೂಡಿದರೆ ಬಿಟ್ಟುಬಿಡಿ.

ಬಕಲ್ ಇನ್ನೊಂದು. ಒಳ್ಳೆಯದರಲ್ಲಿ 316ಎಲ್ ದರ್ಜೆಯ ಸ್ಟೀಲು, ತೀರಾ ಅಗ್ಗದ್ದರಲ್ಲಿ ಸತುವಿನ ಮಿಶ್ರಲೋಹಕ್ಕೆ ಲೇಪನ. ಬೆವರಿಗೆ ಲೇಪನ ಎದ್ದ ಮೇಲೆ ಕೆಳಗಿನ ನಿಕ್ಕಲ್ ಪದರ ಚರ್ಮಕ್ಕೆ ತಾಗಿ ಕೆಲವರಿಗೆ ತುರಿಕೆ ಏಳುತ್ತದೆ. 316ಎಲ್‌ನಲ್ಲೂ ನಿಕ್ಕಲ್ ಇದೆ, ಆದರೆ ಅದು ಲೋಹದೊಳಗೆ ಗಟ್ಟಿಯಾಗಿ ಸೇರಿಕೊಂಡಿದ್ದು ಚರ್ಮಕ್ಕೆ ಬಿಡುವುದು ತೀರಾ ಕಡಿಮೆ. ಮುನ್ನೂರರ ಪಟ್ಟಿಗೂ ಏಳುನೂರರ ಪಟ್ಟಿಗೂ ಇರುವ ಅಂತರ ಬಹಳ ಸಲ ಇಷ್ಟೇ, ಮತ್ತು ಆ ನಾಲ್ಕು ನೂರು ಕೊಡಬೇಕಾದ ಹಣ. ಅದರಾಚೆ ಕೊಡುವುದು ಸೊಗಸಿಗೆ, ಹೆಸರಿಗೆ. ಕೊಡಬಾರದು ಅಂತಲ್ಲ, ಯಾವುದಕ್ಕೆ ಕೊಡ್ತಾ ಇದ್ದೀವಿ ಅಂತ ಗೊತ್ತಿರಬೇಕು.

ಪ್ರಶ್ನೋತ್ತರದಿಂದ

ಕಾಸರಗೋಡಿನ ವಿದ್ಯಾರ್ಥಿನಿ: ನಮ್ಮಲ್ಲಿ ಜೂನಿನಿಂದ ಸೆಪ್ಟೆಂಬರ್‌ವರೆಗೆ ಏನೂ ಒಣಗುವುದಿಲ್ಲ. ಬಟ್ಟೆ ಪಟ್ಟಿ ವಾಸನೆ ಬರುವುದಿಲ್ಲವಾ? ಯಾವ ನೂಲು ಒಳ್ಳೆಯದು?

ಉತ್ತರ: ವಾಸನೆ ಬರ್ತದ್ರಿ, ತೊಳೀಲಿಲ್ಲ ಅಂದರೆ. ನೂಲಿನ ವಿಷಯಕ್ಕೆ ಒಂದು ಲೆಕ್ಕ ಹೇಳ್ತೀನಿ. ಸಾಮಾನ್ಯ ಹವೆಯಲ್ಲಿ ಹತ್ತಿ ತನ್ನ ತೂಕದ ಸುಮಾರು 8 ಪ್ರತಿಶತ ತೇವ ಹಿಡಿದುಕೊಳ್ಳುತ್ತದೆ, ನೈಲಾನ್ ಸುಮಾರು 4, ಪಾಲಿಯೆಸ್ಟರ್ 0.4. ಕರಾವಳಿಯ ಮಳೆಗೆ ಪಾಲಿಯೆಸ್ಟರ್ ವಾಸಿ. ನೈಲಾನ್ ಒದ್ದೆಯಾದಾಗ ಸ್ವಲ್ಪ ಹಿಗ್ಗುವುದೂ ಉಂಟು, ಬೆಳಿಗ್ಗೆ ಸರಿಯಾಗಿದ್ದ ಪಟ್ಟಿ ಮಳೆಯಲ್ಲಿ ನೆಂದ ಮೇಲೆ ಸಡಿಲ ಅನ್ನಿಸುತ್ತದೆ. ಹತ್ತಿಯ ಕ್ಯಾನ್ವಾಸ್ ಪಟ್ಟಿ ನಿಮ್ಮ ಕಡೆಗೆ ಬೇಡ. ಎರಡು ಪಟ್ಟಿ ಇಟ್ಟುಕೊಂಡು ಒಂದು ತೊಳೆದು ಒಣಹಾಕಿ ಇನ್ನೊಂದು ಕಟ್ಟಿಕೊಳ್ಳುವುದು ಅಗ್ಗದ ಪಟ್ಟಿಯ ದೊಡ್ಡ ಅನುಕೂಲ. ದುಬಾರಿಯದು ಒಂದೇ ಇರ್ತದ, ಅದನ್ನೇ ತೊಳೆದು ಕಾಯಬೇಕು. ಬಣ್ಣದ ಬಗ್ಗೆಯೂ ಎಚ್ಚರ ಇರಲಿ: ಬಿಳಿ ಬಟ್ಟೆ ಒದ್ದೆ ಮಾಡಿ ಪಟ್ಟಿಯ ಮೇಲೆ ಉಜ್ಜಿ ನೋಡಿ, ಬಣ್ಣ ಹತ್ತಿದರೆ ನಿಮ್ಮ ಅಂಗಿಯ ತೋಳಿಗೂ ಹತ್ತುತ್ತದೆ.

ಹೊಸೂರಿನ ಸಂಶೋಧನಾ ವಿದ್ಯಾರ್ಥಿ: ನಮ್ಮ ಊರಲ್ಲಿ ಟೈಟಾನ್ ಕಾರ್ಖಾನೆ ಇದೆ. ನಿಮ್ಮ ಊರಲ್ಲಿ ಜಕಾರ್ಡ್ ಮಗ್ಗ ಇದೆ. ವಾಚು ಹೊಸೂರಿನದು, ಪಟ್ಟಿ ಸೊಲ್ಲಾಪುರದ್ದು ಅಂತ ಆಗಲಿಕ್ಕೆ ಏನು ಅಡ್ಡಿ?

ಉತ್ತರ: ಆಸೆ ನನಗೂ ಅದ. ಗಡಿಯ ಎರಡು ತುದಿ ಸೇರಿ ಒಂದು ಗಡಿಯಾರ! ಆದರೆ ಚಾದರದ ಮಗ್ಗ ಅಗಲ ಬಟ್ಟೆಗೆ ಕಟ್ಟಿದ್ದು. 20 ಮಿಲಿಮೀಟರ್ ಪಟ್ಟಿಯನ್ನು ಎರಡೂ ಅಂಚು ಕಟ್ಟಿ ನೇಯಬೇಕು ಅಂದರೆ ಕಿರು ಅಗಲದ ಮಗ್ಗವೇ ಬೇಕು. ಅಗಲ ಬಟ್ಟೆ ನೇಯ್ದು ಸೀಳಿದರೆ ಅಂಚೇ ಇರುವುದಿಲ್ಲ, ಮಡಚಿ ಹೊಲಿಯಬೇಕು. ಎರಡನೆಯದು ನೂಲು. ನಮ್ಮವರ ಕೈ ಪಳಗಿರುವುದು ಹತ್ತಿಯಲ್ಲಿ. ನೈಲಾನ್ ತಂತು ಜಾರುತ್ತದೆ, ಅದನ್ನು ಬಿಗಿಯುವ ಲೆಕ್ಕವೇ ಬೇರೆ. ನೇಯ್ದ ಮೇಲೆ ಶಾಖ ಕೊಟ್ಟು ಅಳತೆ ನಿಲ್ಲಿಸಬೇಕು, ಇಲ್ಲದಿದ್ದರೆ ಬಿಸಿನೀರಿಗೆ ಕುಗ್ಗಿ ಸುರುಳಿಯಾಗುತ್ತದೆ. ಜಕಾರ್ಡಿನ ಕಾರ್ಡು ಬರೆಯುವ ವಿದ್ಯೆ ಮಾತ್ರ ಹಾಗೇ ಬಳಕೆಗೆ ಬರ್ತದ. ಮಡಚಿ ಹೊಲಿದ ಹತ್ತಿಯ ಜಕಾರ್ಡ್ ಪಟ್ಟಿಯನ್ನು ಎರಡು ತುಂಡಿನ ಬೆಲ್ಟಾಗಿ ಮಾಡುವುದಾದರೆ ಇವತ್ತಿನ ಮಗ್ಗದಲ್ಲೇ ಆದೀತು. ಸಮುದ್ರಕ್ಕೆ ಹೋಗೋರಿಗೆ ಅಲ್ಲ, ಮದುವೆಗೆ ಹೋಗೋರಿಗೆ.

ಅಕ್ಕಲಕೋಟೆಯ ವಿದ್ಯಾರ್ಥಿ: ಸರ್, ಇಷ್ಟೆಲ್ಲಾ ಕೇಳಿದೆ. ನನ್ನ ಹತ್ರ ಒಂದು ಸಾವಿರ ಅದ, ನಮ್ಮ ಅಜ್ಜನ ಎಚ್‌ಎಂಟಿ ವಾಚ್ ಅದ. ಏನ್ ತಗೊಳ್ಳಲಿ?

ಉತ್ತರ: ಮೊದಲು ವಾಚಿನ ಎರಡು ಕಾಲುಗಳ ನಡುವಿನ ಅಗಲ ಅಳೀರಿ. ಹಳೇ ವಾಚು 18 ಮಿಲಿಮೀಟರ್ ಇರಬಹುದು, 20 ಅಂತ ಊಹಿಸಿ ತರಬೇಡಿ. ಒಂದೇ ಬಣ್ಣದ್ದು, ಗಿಡ್ಡ ತುಂಡು ಇರುವಂಥದ್ದು, ಸ್ಟೀಲ್ ಬಕಲ್ಲಿನದು ತಗೊಳ್ರಿ. ಐದಾರು ನೂರಕ್ಕೆ ಸಿಗ್ತದ. ಅಂಚು ನೋಡಿ, ಬೆಸುಗೆ ಬಗ್ಗಿಸಿ, ಅಡ್ಡಕ್ಕೆ ಎಳೆದು ನೋಡಿ. ಉಳಿದ ದುಡ್ಡಲ್ಲಿ ವಾಚ್ ರಿಪೇರಿ ಅಂಗಡಿಗೆ ಹೋಗಿ ಎರಡು ಹೊಸ ಸ್ಪ್ರಿಂಗ್ ಪಿನ್ನು ಹಾಕಿಸಿಕೊಳ್ರಿ. ಅಜ್ಜನ ಕಾಲದ ಪಿನ್ನು ಒಳಗೆ ತುಕ್ಕು ಹಿಡಿದಿರ್ತದ, ಹೊರಗಿಂದ ಕಾಣೋದಿಲ್ಲ.